ದೂರದ ಸೈಕಲ್ ದಾರಿ: ಕಿಲೋಮೀಟರ್ ಬಿಟ್ಟು ಗಂಟೆ ಎಣಿಸಿ

ಪ್ರಶ್ನೆ: ಮೂರು ವಾರಗಳ ರಜೆಯಲ್ಲಿ 1,800 ಕಿ.ಮೀ. ಸೈಕಲ್ ಪ್ರವಾಸ ಮಾಡಬೇಕೆಂದಿದ್ದೇನೆ. ಒಂದು ದಿನ ವಿಶ್ರಾಂತಿ, ಉಳಿದ 20 ದಿನ ತಲಾ 90 ಕಿ.ಮೀ. ಎಂದು ಹಂಚಿಕೊಂಡಿದ್ದೇನೆ. ಭಾನುವಾರಗಳಂದು 100 ಕಿ.ಮೀ. ಸಲೀಸಾಗಿ ತುಳಿಯುತ್ತೇನೆ. ಈ ಲೆಕ್ಕ ಸರಿಯೇ?

ಭಾಗಾಕಾರ ಸರಿಯಾಗಿದೆ, ಯೋಜನೆ ಸರಿಯಿಲ್ಲ. ಭಾನುವಾರದ 100 ಕಿ.ಮೀ. ಹಿಂದೆ ಸೋಮವಾರದ ವಿಶ್ರಾಂತಿ ಇರುತ್ತದೆ, ಸೈಕಲ್ಲಿನ ಮೇಲೆ ಸಾಮಾನು ಇರುವುದಿಲ್ಲ. ಪ್ರವಾಸದಲ್ಲಿ ಎರಡೂ ತಿರುವುಮುರುವು. ಅದಕ್ಕಿಂತ ಮುಖ್ಯವಾದದ್ದೆಂದರೆ, 90 ಕಿ.ಮೀ. ಎಂಬ ಅಂಕಿಯಿಂದ ಆ ದಿನ ಹೇಗಿರುತ್ತದೆಂದು ತಿಳಿಯುವುದೇ ಇಲ್ಲ. ಸಮತಟ್ಟಾದ ಒಳ್ಳೆಯ ಡಾಂಬರಿನಲ್ಲಿ ಗಂಟೆಗೆ 18 ಕಿ.ಮೀ. ಸಾಗಿದರೆ ಅದು ಐದು ಗಂಟೆಯ ಕೆಲಸ. ಜಲ್ಲಿ ರಸ್ತೆಯಲ್ಲಿ ವೇಗ 12 ಕಿ.ಮೀ.ಗೆ ಇಳಿದು, ಜೊತೆಗೆ 1,500 ಮೀಟರ್ ಏರು ಸೇರಿದರೆ ಅದೇ 90 ಕಿ.ಮೀ. ಹತ್ತಿರ ಹತ್ತಿರ ಹನ್ನೊಂದು ಗಂಟೆ ನುಂಗುತ್ತದೆ. ಊಟ, ಪಂಕ್ಚರ್, ದಾರಿ ಹುಡುಕಾಟ ಎಲ್ಲವೂ ಅದರ ಮೇಲೆ.

ಏರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಯೋಜನೆಗಳು ಮುಗ್ಗರಿಸುವುದು ಇಲ್ಲಿಯೇ. ಸವಾರ, ಸೈಕಲ್, ಸಾಮಾನು ಸೇರಿ 100 ಕೆ.ಜಿ. ಎಂದಿಟ್ಟುಕೊಳ್ಳಿ. ಆ ತೂಕವನ್ನು ಗಂಟೆಗೆ 450 ಮೀಟರ್ ಎತ್ತರಕ್ಕೆ ಒಯ್ಯಲು ಗುರುತ್ವದ ವಿರುದ್ಧವೇ 120 ವ್ಯಾಟ್‌ಗಿಂತ ತುಸು ಹೆಚ್ಚು ಶಕ್ತಿ ಬೇಕು. ದಿನಗಟ್ಟಲೆ ತುಳಿಯಬೇಕಾದ ಸಾಮಾನ್ಯ ಸವಾರನಿಗೆ ಇದು ನ್ಯಾಯವಾದ ಮಿತಿ. ಹಾಗಾಗಿ ಸಮತಟ್ಟಿನ ವೇಗದಲ್ಲಿ ಎಷ್ಟು ಗಂಟೆ ಬೇಕೆಂದು ಮೊದಲು ಲೆಕ್ಕ ಹಾಕಿ, ಆಮೇಲೆ ಪ್ರತಿ 450 ಮೀಟರ್ ಏರಿಗೆ ಒಂದು ಗಂಟೆ ಕೂಡಿಸಿ. ಇಳಿಜಾರಿನಲ್ಲಿ ಉಳಿಯುವ ಸಮಯವನ್ನು ಕಳೆಯಲು ಹೋಗಬೇಡಿ. ಕೆಟ್ಟ ರಸ್ತೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿಯಬೇಕಾಗುತ್ತದೆ.

ಆ್ಯಪ್ ತೋರಿಸುವ ಒಟ್ಟು ಏರಿನ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಲವು ಆ್ಯಪ್‌ಗಳು ಬಳಸುವ ಎತ್ತರದ ದತ್ತಾಂಶದ ಮೂಲ, 2000ದ ಫೆಬ್ರುವರಿಯಲ್ಲಿ ಎಂಡೀವರ್ ಬಾಹ್ಯಾಕಾಶ ನೌಕೆ ನಡೆಸಿದ ರೇಡಾರ್ ಸಮೀಕ್ಷೆ. ಅದರ ಅತಿ ಸೂಕ್ಷ್ಮ ರೂಪದಲ್ಲೂ ಬಿಂದುಗಳ ನಡುವೆ ಸುಮಾರು 30 ಮೀಟರ್ ಅಂತರವಿದೆ. ಬೆಟ್ಟದ ಪಕ್ಕೆಯನ್ನು ಕೊರೆದು ಮಾಡಿದ ಕಣಿವೆ ರಸ್ತೆಯಲ್ಲಿ ಒಂದು ಬಿಂದು ರಸ್ತೆಯ ಮೇಲೆ ಬಿದ್ದರೆ ಮುಂದಿನದು ಮೇಲಿನ ಬಂಡೆಯ ಮೇಲೆ, ಅದರ ಮುಂದಿನದು ಕೆಳಗಿನ ಹೊಳೆಯಲ್ಲಿ ಬೀಳುತ್ತದೆ. ಪರದೆಯ ಮೇಲೆ ಗರಗಸದ ಹಲ್ಲುಗಳಂಥ ಏರಿಳಿತ ಕಂಡರೂ ನೆಲದ ಮೇಲೆ ರಸ್ತೆ ಹೊಳೆಯ ಜೊತೆಗೇ ಸಮನಾಗಿ ಸಾಗುತ್ತಿರುತ್ತದೆ. ಸುರಂಗ ಇರುವಲ್ಲಿ ಇಡೀ ಬೆಟ್ಟವನ್ನೇ ಹತ್ತಿಸಿಬಿಡುವ ಆ್ಯಪ್‌ಗಳೂ ಇವೆ. ಇದಕ್ಕೆ ತದ್ವಿರುದ್ಧವಾಗಿ, ಗುಡ್ಡಗಾಡಿನ ಚಿಕ್ಕ ಚಿಕ್ಕ ಉಬ್ಬುಗಳು ಆ ಬಿಂದುಗಳ ಜಾಲರಿಯಲ್ಲಿ ಸವೆದು ಮಾಯವಾಗುತ್ತವೆ. ಕಾಲಿನ ಶಕ್ತಿ ಹೀರುವುದು ಅವೇ. ಒಂದೇ ದಾರಿಯನ್ನು ಎರಡು ಆ್ಯಪ್‌ಗಳಲ್ಲಿ ಹಾಕಿ ನೋಡಿ. ಅಂಕಿಗಳು ದೂರದೂರ ಇದ್ದರೆ ಆ ಭಾಗವನ್ನು ಹಿಗ್ಗಿಸಿ, ಸಮೋನ್ನತಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ನಕ್ಷೆಯ ಗೆರೆಗಳು) ನೀವೇ ಎಣಿಸಿ.

ಇಷ್ಟಾದ ಮೇಲೆ ದಿನಕ್ಕೆ ಆರರಿಂದ ಏಳು ಗಂಟೆ ತುಳಿಯುವಂತೆ ದಾರಿಯನ್ನು ಮತ್ತೆ ಕತ್ತರಿಸಿ. ವಾರಕ್ಕೊಂದು ದಿನವನ್ನು ಯಾವುದಕ್ಕೂ ಕೊಡದೆ ಖಾಲಿ ಬಿಡಿ. ಮೂರು ವಾರಗಳಲ್ಲಿ 1,800 ಕಿ.ಮೀ. ಬಹುಶಃ 1,400ಕ್ಕೆ ಇಳಿಯುತ್ತದೆ. ದಯವಿಟ್ಟು ಇಳಿಸಿಕೊಳ್ಳಿ.

ಪ್ರಶ್ನೆ: ಆ್ಯಪ್ ಹಾಕಿಕೊಟ್ಟ ದಾರಿ ಹಿಡಿದು ಹೋಗಿ, ಕಳೆದ ಸಲ ಅರ್ಧ ದಿನ ಮರಳಿನಲ್ಲಿ ಸೈಕಲ್ ತಳ್ಳಿದೆ. ಮನೆಯಲ್ಲಿ ಕುಳಿತೇ ರಸ್ತೆಯ ಸ್ಥಿತಿ ತಿಳಿಯಲು ಸಾಧ್ಯವೇ?

ಪೂರ್ತಿ ಸಾಧ್ಯವಿಲ್ಲ, ಆದರೆ ಮುಕ್ಕಾಲು ಪಾಲು ಸಾಧ್ಯ. ಎಲ್ಲಿಂದ ಬಂದ ಮಾಹಿತಿಯೇ ಆಗಲಿ, ಅದಕ್ಕೆ ಎರಡು ಪ್ರಶ್ನೆ ಹಾಕುವ ಅಭ್ಯಾಸ ಮಾಡಿಕೊಳ್ಳಿ. ಇದನ್ನು ನೋಡಿದ್ದು ಯಾವಾಗ? ಯಾವ ಚಕ್ರದ ಮೇಲೆ ಕುಳಿತು ನೋಡಿದ್ದು?

ನಕ್ಷೆಯಿಂದ ಆರಂಭಿಸೋಣ. ಸೈಕಲ್ ದಾರಿ ಹಾಕುವ ಬಹುಪಾಲು ಆ್ಯಪ್‌ಗಳು 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯನ್ನೇ ಅವಲಂಬಿಸಿವೆ. ಅದರಲ್ಲಿ ರಸ್ತೆಗೆ ಮೇಲ್ಮೈ ಯಾವುದು, ಎಷ್ಟು ನಯ ಎಂದು ಬೇರೆ ಬೇರೆ ಗುರುತು ಹಾಕಲು ಅವಕಾಶವಿದೆ. ಹೊಲ, ಕಾಡಿನ ದಾರಿಗಳಿಗೆ ಗ್ರೇಡ್ 1ರಿಂದ 5ರವರೆಗೆ ದರ್ಜೆಯೂ ಇದೆ. 1 ಎಂದರೆ ಗಟ್ಟಿ, 5 ಎಂದರೆ ಮೆತ್ತನೆಯ ಮಣ್ಣು ಅಥವಾ ಹುಲ್ಲು. ತೊಂದರೆಯಿರುವುದು ಯಾರೂ ಗುರುತು ಹಾಕದ ಕಡೆ. ಅಲ್ಲಿ ಆ್ಯಪ್ ಊಹೆ ಮಾಡುತ್ತದೆ, ಊಹೆ ಮಾಡಿದ್ದೇನೆಂದು ಸ್ಪಷ್ಟವಾಗಿ ಹೇಳುವುದೂ ಇಲ್ಲ. ನಿಮ್ಮ ಮರಳಿನ ದಾರಿ ಬಹುಶಃ ಹೀಗೆಯೇ ಹುಟ್ಟಿದ್ದು. ಓಪನ್‌ಸ್ಟ್ರೀಟ್‌ಮ್ಯಾಪ್ ತಾಣದಲ್ಲಿ ಆ ರಸ್ತೆಯ ತುಂಡನ್ನು ಆಯ್ದುಕೊಂಡರೆ ಯಾವ ಗುರುತುಗಳಿವೆ, ಯಾವಾಗ ತಿದ್ದಲಾಗಿದೆ ಎಂಬುದು ಕಾಣುತ್ತದೆ. ಮೇಲ್ಮೈಯ ಗುರುತೇ ಇಲ್ಲದಿದ್ದರೆ ಆ ತುಂಡನ್ನು ‘ತಿಳಿಯದು’ ಎಂದು ನಿಮ್ಮ ಪಟ್ಟಿಗೆ ಸೇರಿಸಿ.

ಈಗ ಉಪಗ್ರಹ ಚಿತ್ರಕ್ಕೆ ಬನ್ನಿ. ನನಗೆ ಅತ್ಯಂತ ಇಷ್ಟವಾದ ಕೆಲಸ ಇದು. ಬಣ್ಣ ನೋಡಿ ಡಾಂಬರೋ ಮಣ್ಣೋ ಎಂದು ಹೇಳಲು ಎಲ್ಲರೂ ಯತ್ನಿಸುತ್ತಾರೆ, ಆದರೆ ಹಳೆಯ ಡಾಂಬರು ಬಿಸಿಲಿಗೆ ಬಿಳಿಚಿಕೊಂಡು ಮಣ್ಣಿನಂತೆಯೇ ಕಾಣುವುದುಂಟು. ಬಣ್ಣಕ್ಕಿಂತ ನಂಬಿಕಸ್ಥ ಸಾಕ್ಷಿ ವಾಹನಗಳ ನಡತೆ. ಮುಖ್ಯ ರಸ್ತೆಯ ಪಕ್ಕದಲ್ಲಿ ಒಂದು, ಎರಡು, ನಾಲ್ಕು ಸಮಾನಾಂತರ ಗೆರೆಗಳು ಹೆಣೆದುಕೊಂಡು ಸಾಗಿದ್ದರೆ, ಚಾಲಕರು ರಸ್ತೆ ಬಿಟ್ಟು ಪಕ್ಕಕ್ಕೆ ಇಳಿದಿದ್ದಾರೆ ಎಂದು ಅರ್ಥ. ಕೆಸರು, ಮರಳು ಅಥವಾ ಏಣುಗಟ್ಟಿದ ನೆಲ ಅವರನ್ನು ಅಟ್ಟಿರುತ್ತದೆ. ಹಳ್ಳ ದಾಟುವಲ್ಲಿ ದಾರಿ ಬೀಸಣಿಗೆಯಂತೆ ಅಗಲವಾಗಿದ್ದರೆ ಸೇತುವೆ ಇಲ್ಲ, ನೀರಿಗಿಳಿದೇ ದಾಟುತ್ತಾರೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನೂ ತೆರೆಯಬಹುದು. ಒಂದೇ ಜಾಗವನ್ನು ಬೇಸಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಿ. ಗೂಗಲ್ ನಕ್ಷೆಯಲ್ಲಿ ರಸ್ತೆಯ ಮೇಲಿಂದಲೇ ತೆಗೆದ ಸ್ಟ್ರೀಟ್ ವ್ಯೂ ಚಿತ್ರವಿದ್ದರೆ ಇನ್ನೂ ಒಳ್ಳೆಯದು, ಆದರೆ ಅದರಲ್ಲಿ ನಮೂದಾದ ತಿಂಗಳು ಮತ್ತು ವರ್ಷವನ್ನು ಮೊದಲು ಓದಿ. ಹತ್ತು ವರ್ಷದ ಹಿಂದಿನ ನುಣುಪು ಡಾಂಬರಿನ ಚಿತ್ರ ನಿಮಗೆ ಯಾವ ಭರವಸೆಯನ್ನೂ ಕೊಡಲಾರದು.

ಸವಾರರು ತಮ್ಮ ಓಡಾಟ ದಾಖಲಿಸುವ ಸ್ಟ್ರಾವಾ ಆ್ಯಪ್‌ನ ಹೀಟ್‌ಮ್ಯಾಪ್ ಎಲ್ಲಿ ಸವಾರರು ಹೆಚ್ಚಾಗಿ ಓಡಾಡಿದ್ದಾರೆಂದು ಹೊಳಪಿನಿಂದ ತೋರಿಸುತ್ತದೆ. ಉಪಯುಕ್ತವೇ, ಆದರೆ ಎರಡನೆಯ ಪ್ರಶ್ನೆಯನ್ನು ಇಲ್ಲಿ ಗಟ್ಟಿಯಾಗಿ ಕೇಳಬೇಕು. ಆ ಹೊಳಪು ಸಾಮಾನಿಲ್ಲದ, ದಪ್ಪ ಟಯರಿನ ಪರ್ವತ ಸೈಕಲ್ಲುಗಳದ್ದಾಗಿರಬಹುದು. ಇತರರ ಪ್ರವಾಸದ ಬರಹ ಓದುವಾಗಲೂ ಹೀಗೆಯೇ. 50 ಮಿ.ಮೀ. ಟಯರಿನವರಿಗೆ ‘ಚೆನ್ನಾಗಿದೆ’ ಎನಿಸಿದ ಜಲ್ಲಿ, 28 ಮಿ.ಮೀ. ಟಯರಿನ ನಿಮಗೆ ಶಿಕ್ಷೆ.

ಇನ್ನು ಬಸ್ ವೇಳಾಪಟ್ಟಿ. ರಸ್ತೆಯ ಸ್ಥಿತಿ ಅಳೆಯಲು ಇದರಂಥ ಪ್ರಾಮಾಣಿಕ ಸಾಧನವನ್ನು ನಾನು ಕಂಡಿಲ್ಲ. 60 ಕಿ.ಮೀ. ದೂರವನ್ನು ಬಸ್ ಒಂದೂವರೆ ಗಂಟೆಯಲ್ಲಿ ಮುಗಿಸಿದರೆ ರಸ್ತೆ ಚೆನ್ನಾಗಿದೆ. ಮೂರೂವರೆ ಗಂಟೆ ಹಿಡಿದರೆ, ನಿಲ್ದಾಣಗಳನ್ನು ಕಳೆದರೂ, ಏರು ಅಥವಾ ಗುಂಡಿ ಎರಡರಲ್ಲೊಂದು ಖಂಡಿತ. ಸ್ಥಳೀಯರನ್ನು ವಿಚಾರಿಸುವಾಗಲೂ ‘ರಸ್ತೆ ಚೆನ್ನಾಗಿದೆಯೇ’ ಎಂದು ಕೇಳಬೇಡಿ. ಜೀಪಿನವರಿಗೆ ಚೆನ್ನಾಗಿರುವುದು ಬೇರೆ, ನಿಮಗೆ ಚೆನ್ನಾಗಿರುವುದು ಬೇರೆ. ‘ಬಸ್ ಹೋಗುತ್ತದೆಯೇ, ಮಳೆ ಬಂದ ಮರುದಿನವೂ ಹೋಗುತ್ತದೆಯೇ, ಎಷ್ಟು ಹೊತ್ತು ಹಿಡಿಯುತ್ತದೆ’ ಎಂದು ಕೇಳಿ. ಉತ್ತರ ತಾನಾಗಿಯೇ ಸ್ಪಷ್ಟವಾಗುತ್ತದೆ.

ಯಾವ ಚಿತ್ರದಲ್ಲೂ ಸರಿಯಾಗಿ ಕಾಣದ ಒಂದು ಶತ್ರುವಿದೆ: ಮಣ್ಣುರಸ್ತೆಗೆ ಅಡ್ಡಲಾಗಿ ಸಾಲಾಗಿ ಏಳುವ ಏಣುಗಳು. ಒಂದು ಮಿತಿಗಿಂತ ವೇಗವಾಗಿ ಉರುಳುವ ಚಕ್ರಗಳು ನೆಗೆದು ನೆಗೆದು ಬೀಳುವುದರಿಂದ ಒಣ ಜಲ್ಲಿಯಲ್ಲಿ, ಮರಳಿನಲ್ಲಿ ಇವು ಮೂಡುತ್ತವೆ. ಯಂತ್ರ ತಂದು ಸಮ ಮಾಡಿದರೂ ಸಂಚಾರ ಹೆಚ್ಚಿದ್ದರೆ ಬೇಗನೆ ಮರಳಿ ಬರುತ್ತವೆ. ಕಾರುಗಳು ವೇಗವಾಗಿ ಓಡುವ ನೇರ ಮಣ್ಣುರಸ್ತೆ ಕಂಡರೆ ಏಣುಗಳು ಇವೆಯೆಂದೇ ಲೆಕ್ಕ ಹಾಕಿ, ವೇಗವನ್ನು ಗಂಟೆಗೆ 10 ಕಿ.ಮೀ.ಗೆ ಇಳಿಸಿಕೊಳ್ಳಿ. ರಸ್ತೆಯ ತೀರ ಅಂಚಿನಲ್ಲಿ ಕೆಲವೊಮ್ಮೆ ಒಂದಡಿ ನಯವಾದ ಪಟ್ಟಿ ಸಿಗುತ್ತದೆ. ಟಯರಿನ ಗಾಳಿ ಸ್ವಲ್ಪ ಕಡಿಮೆ ಮಾಡಿದರೆ ಕೈಗಳಿಗೂ ಕ್ಯಾರಿಯರಿನ ಬೋಲ್ಟುಗಳಿಗೂ ಉಪಕಾರ.

ಪ್ರಶ್ನೆ: ಹೆದ್ದಾರಿಯಲ್ಲಿ ಹೋಗಲೋ, ಒಳರಸ್ತೆಗಳಲ್ಲಿ ಹೋಗಲೋ?

ರಸ್ತೆಯ ದರ್ಜೆ ನೋಡಿ ನಿರ್ಧರಿಸಬೇಡಿ. ಅಗಲವಾದ ಅಂಚುಪಟ್ಟಿ ಇರುವ ಹೆದ್ದಾರಿಗಿಂತ, ಅಂಚೇ ಇಲ್ಲದ ಕಿರಿದಾದ ರಸ್ತೆಯಲ್ಲಿ ಲಾರಿಗಳು ಸಾಲಾಗಿ ಬರುವುದು ಹೆಚ್ಚು ಅಪಾಯಕರ. ಲಾರಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ಯೋಚಿಸಿ. ಉಪಗ್ರಹ ಚಿತ್ರದಲ್ಲಿ ಕಲ್ಲುಕ್ವಾರಿ, ಗಣಿ, ಸಿಮೆಂಟ್ ಕಾರ್ಖಾನೆ, ಬಂದರು ಕಂಡರೆ ಅವುಗಳನ್ನು ಹೆದ್ದಾರಿಗೆ ಕೂಡಿಸುವ ಸಣ್ಣ ರಸ್ತೆಯನ್ನು ಬಿಟ್ಟುಬಿಡಿ. ಹೊಸ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ಹಳೆಯ ಹೆದ್ದಾರಿ ಉಳಿದಿದ್ದರೆ ಮಾತ್ರ ಸಂತೋಷಪಡಿ. ವಾಹನಗಳು ಹೊಸದಕ್ಕೆ ಹೋಗಿ, ಹಳೆಯ ರಸ್ತೆಯ ಹದವಾದ ಏರು ಮತ್ತು ಗಟ್ಟಿ ಮೇಲ್ಮೈ ನಿಮ್ಮ ಪಾಲಿಗೆ ಉಳಿದಿರುತ್ತವೆ.

ಸುರಂಗಗಳನ್ನು ಒಂದೊಂದಾಗಿ ಪರಿಶೀಲಿಸಿ. ನಾರ್ವೆಯ 24.5 ಕಿ.ಮೀ. ಉದ್ದದ ಲೇರ್ಡಾಲ್ ಸುರಂಗದಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಬದಲಿ ದಾರಿಯಾಗಿರುವ ಹಳೆಯ ಪರ್ವತ ರಸ್ತೆ ಸುಮಾರು 1,300 ಮೀಟರ್ ಎತ್ತರಕ್ಕೆ ಏರುತ್ತದೆ, ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತದೆ. ನಕ್ಷೆಯಲ್ಲಿ ಒಂದು ಸುರಂಗ ಗಮನಿಸದೆ ಹೋದರೆ ಒಂದಿಡೀ ದಿನ, ಕೆಲವೊಮ್ಮೆ ಒಂದಿಡೀ ಋತು, ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಒಂದೇ ದಾರಿಯನ್ನು ಯಾವ ತುದಿಯಿಂದ ಆರಂಭಿಸಬೇಕು ಎಂದು ತೀರ್ಮಾನಿಸುವುದು ಹೇಗೆ?

ಗಾಳಿಯನ್ನು ಕೇಳಿ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಹೋಗುವಾಗ ಅಷ್ಟೇ ವೇಗದ ಎದುರುಗಾಳಿ ಬಂದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಪೆಟಗೋನಿಯಾದಲ್ಲಿ ಬಹಳಷ್ಟು ಸವಾರರು ಉತ್ತರದಿಂದ ದಕ್ಷಿಣಕ್ಕೆ ಹೋಗಲು ಇಷ್ಟಪಡುವುದು ಅಲ್ಲಿನ ಪಶ್ಚಿಮ, ವಾಯವ್ಯದ ಗಾಳಿಗೆ ಬೆನ್ನು ಕೊಡಲು. ಬೆಟ್ಟದ ಕಣಿವೆಗಳಲ್ಲಿ ಹಗಲೇರಿದಂತೆ ಗಾಳಿ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಕಣಿವೆ ಇಳಿಯುವ ದಿನ ನಸುಕಿನಲ್ಲೇ ಹೊರಡಿ.

ಪ್ರಶ್ನೆ: ಇಷ್ಟೆಲ್ಲ ನೋಡಿ ಹೋದಮೇಲೂ ರಸ್ತೆ ಕೆಟ್ಟಿದ್ದರೆ? ಎಲ್ಲಿ ಹಿಂತಿರುಗಬೇಕು ಎಂದು ಆ ಹೊತ್ತಿನಲ್ಲಿ ತೀರ್ಮಾನಿಸಲು ನನಗೆ ಆಗುವುದೇ ಇಲ್ಲ.

ಆ ಹೊತ್ತಿನಲ್ಲಿ ಯಾರಿಗೂ ಆಗುವುದಿಲ್ಲ. ದಣಿದ ಸವಾರನಿಗೆ ಮುಂದಿನ ತಿರುವಿನ ಆಚೆ ಡಾಂಬರು ಇದ್ದೇ ಇದೆ ಎನಿಸುತ್ತದೆ. ಆದ್ದರಿಂದ ತೀರ್ಮಾನವನ್ನು ಮನೆಯಲ್ಲೇ ಮಾಡಿ ಬರೆದಿಟ್ಟುಕೊಳ್ಳಿ. ‘ತಿಳಿಯದು’ ಎಂದು ಗುರುತು ಹಾಕಿದ ಪ್ರತಿ ತುಂಡಿಗೂ ಮೂರು ವಿಷಯ ನಮೂದಿಸಿ: ಒಳಹೋಗುವ ಮುನ್ನ ನೀರು ಸಿಗುವ ಕೊನೆಯ ಜಾಗ, ನಡುವೆ ಹೊರಬರಲು ಇರುವ ಅಡ್ಡದಾರಿ, ಅರ್ಧ ದಾರಿ ತಲುಪಿರಲೇಬೇಕಾದ ಗಂಟೆ. ಆ ಗಂಟೆ ಮೀರಿದರೆ ಹಿಂತಿರುಗಿ ಅಥವಾ ಅಡ್ಡದಾರಿ ಹಿಡಿಯಿರಿ. ಇಂಥ ತುಂಡನ್ನು ದಿನದ ಕೊನೆಗೆ ಎಂದಿಗೂ ಇಡಬೇಡಿ, ಬೆಳಿಗ್ಗೆಗೆ ಇಡಿ. ಹಿಮನದಿಗಳ ಕೆಳಗಿನ ಹಳ್ಳಗಳನ್ನು ದಾಟುವುದಿದ್ದರೂ ಬೆಳಿಗ್ಗೆಯೇ ಸರಿ. ಬಿಸಿಲಿಗೆ ಮಂಜು ಕರಗಿ ಮಧ್ಯಾಹ್ನದ ಮೇಲೆ ಅವು ಉಕ್ಕುತ್ತವೆ. ಜಿಪಿಎಕ್ಸ್ ಫೈಲಿನಲ್ಲಿ (ಆ್ಯಪ್‌ಗಳು ಓದುವ ದಾರಿಯ ಕಡತ) ಮುಖ್ಯ ದಾರಿಯ ಜೊತೆ ಈ ಅಡ್ಡದಾರಿಗಳನ್ನೂ ಮೊದಲೇ ಹಾಕಿ, ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡಿರಿ. ಕೆಟ್ಟ ರಸ್ತೆ ಇರುವಲ್ಲಿ ನೆಟ್‌ವರ್ಕ್ ಸಿಗುವುದು ಅಪರೂಪ.