ಮಳೆ ಕೈಕೊಟ್ಟರೆ ದೇಶ ಅಲುಗಾಡುತ್ತದಾ?

ಪ್ರಶ್ನೆ: ಸರ್, ಕೊಲ್ಹಾರದ ಹತ್ತಿರ ನಮ್ಮ ಹಳ್ಳಿ. ಮನೆಯಲ್ಲಿ ಉಳ್ಳಾಗಡ್ಡಿ ಬೆಳೆಯುತ್ತೇವೆ, ನಾನು ಕೆಎಎಸ್‌ಗೆ ಓದುತ್ತಿದ್ದೇನೆ. ಹವಾಮಾನ ಬದಲಾವಣೆ ದೇಶದ ಸ್ಥಿರತೆಗೇ ಅಪಾಯ ಅಂತ ಎಲ್ಲ ಪುಸ್ತಕಗಳಲ್ಲೂ ಇದೆ. ಬರ, ಹೊಳೆ ಬರೋದು ನಮಗೇನು ಹೊಸದಲ್ಲ. ಅದಕ್ಕೆ ದೇಶ ಯಾಕೆ ಅಲುಗಾಡಬೇಕು? ಆಡಳಿತ, ರಾಜತಾಂತ್ರಿಕತೆ ಇದರಲ್ಲಿ ಎಲ್ಲಿ ಬರುತ್ತವೆ?
– ಓದುಗರು, ವಿಜಯಪುರ ಜಿಲ್ಲೆ

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಬರೀ ಮಳೆಗೋ ಬರೀ ಬರಕ್ಕೋ ದೇಶ ಬೀಳುವುದಿಲ್ಲ. ಜನ ಕಷ್ಟದಲ್ಲಿದ್ದಾಗ ಸರ್ಕಾರ ಬಂತಾ, ನೆರೆಯವರ ಜೊತೆ ಮೊದಲೇ ಮಾತಾಡಿಕೊಂಡಿತ್ತಾ? ಕೆಡುವುದು ಅಲ್ಲಿ.

ನಿಮ್ಮ ಹೊಲದಿಂದಲೇ ಶುರು ಮಾಡೋಣ. 2019 ನೆನಪಿದೆ ಅಲ್ವಾ? ಮೇ ತಿಂಗಳಲ್ಲಿ ಅಥಣಿ, ಚಿಕ್ಕೋಡಿ ಕಡೆ ಕೃಷ್ಣೆ ಬತ್ತಿತ್ತು. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿ ಅಂತ ಮಹಾರಾಷ್ಟ್ರವನ್ನು ಕೇಳುತ್ತಿದ್ದೆವು. ಆಗಸ್ಟ್‌ನಲ್ಲಿ ಅದೇ ಹೊಳೆ ಊರೊಳಗೆ ಬಂತು. ಆಮೇಲೂ ಮಳೆ ಬಿಡಲಿಲ್ಲ. ಕಿತ್ತ ಗಡ್ಡಿಯನ್ನು ತಾಡಪತ್ರಿ ಕೆಳಗೆ ಎಷ್ಟು ದಿನ ಇಡೋದು? ಸಿಪ್ಪೆ ಕಪ್ಪಾಯಿತು, ಒತ್ತಿದರೆ ಬೆರಳು ಒಳಗೇ ಹೋಗುತ್ತಿತ್ತು. ಮಹಾರಾಷ್ಟ್ರದಲ್ಲೂ ಬೆಳೆ ಕೆಟ್ಟಿತು, ದರ ಏರಿತು. ಸೆಪ್ಟೆಂಬರ್ 29ಕ್ಕೆ ಕೇಂದ್ರ ಸರ್ಕಾರ ರಫ್ತನ್ನೇ ನಿಲ್ಲಿಸಿತು.

ನಮ್ಮ ಗಡ್ಡಿಯನ್ನೇ ನೆಚ್ಚಿಕೊಂಡಿದ್ದ ಬಾಂಗ್ಲಾದೇಶದ ಢಾಕಾದಲ್ಲಿ ದರ ಜಿಗಿಯಿತು. ಅದೇ ವಾರ ದೆಹಲಿಗೆ ಬಂದಿದ್ದ ಅಲ್ಲಿನ ಆಗಿನ ಪ್ರಧಾನಿ ಶೇಖ್ ಹಸೀನಾ ನಗುನಗುತ್ತಲೇ ಚುಚ್ಚಿದರು. ಅಡುಗೆಯವರಿಗೆ ಉಳ್ಳಾಗಡ್ಡಿ ಹಾಕಬೇಡಿ ಅಂದಿದ್ದೇನೆ, ಮೊದಲೇ ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು ಅಂದರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ನಾವು ಮತ್ತೆ ಹಾಗೇ ಮಾಡಿದೆವು. ಆಗ ನಗುವಿರಲಿಲ್ಲ, ಢಾಕಾದಿಂದ ಪತ್ರವೇ ಬಂತು. ಮಳೆಯನ್ನು ಯಾರೂ ತಡೆಯಲಾಗುತ್ತಿರಲಿಲ್ಲ. ಆದರೆ ಮುಂಚೆ ಒಂದು ಫೋನ್ ಮಾಡಬಹುದಿತ್ತು. (ರಫ್ತು ನಿಂತರೆ ನಿಮ್ಮ ಕೈಗೆ ಬರುವ ದರ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.)

ಇದು ಸಣ್ಣ ಮುನಿಸು. ದೇಶವೇ ಒಡೆದ ಉದಾಹರಣೆಯೂ ಆ ಕಡೆಯದ್ದೇ. 1970ರ ನವೆಂಬರ್‌ನಲ್ಲಿ ಭೋಲಾ ಚಂಡಮಾರುತ ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಇಂದಿನ ಬಾಂಗ್ಲಾದೇಶಕ್ಕೆ, ಬಡಿಯಿತು. ಸತ್ತವರು 3 ಲಕ್ಷಕ್ಕೂ ಜಾಸ್ತಿ ಅನ್ನುತ್ತಾರೆ. ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್ ಸರ್ಕಾರದ ಪರಿಹಾರ ತಡವಾಗಿ, ಅರೆಬರೆಯಾಗಿ ಬಂತು. ಮುಂದಿನ ತಿಂಗಳೇ ಚುನಾವಣೆ. ಪೂರ್ವದ 162 ಸೀಟುಗಳಲ್ಲಿ 160 ಬಂಗಾಳಿಗಳ ಪಕ್ಷ ಅವಾಮಿ ಲೀಗ್‌ಗೆ ಹೋದವು. ಗೆದ್ದವರಿಗೆ ಅಧಿಕಾರ ಕೊಡಲಿಲ್ಲ. 1971ರಲ್ಲಿ ಬಾಂಗ್ಲಾದೇಶ ಹುಟ್ಟಿತು. ಭಾಷೆ, ಪಾಲು, ಅಧಿಕಾರದ ಜಗಳ ಮೊದಲಿಂದ ಇತ್ತು, ನಿಜ. ನಾವು ಬದುಕಿದರೂ ಸತ್ತರೂ ಪಶ್ಚಿಮದವರಿಗೆ ಲೆಕ್ಕಕ್ಕಿಲ್ಲ ಅನ್ನುವ ಪೂರ್ವದವರ ಮಾತಿಗೆ ಚಂಡಮಾರುತ ಸಾಕ್ಷಿ ಒದಗಿಸಿತು. ಅದೇ ಬಾಂಗ್ಲಾದೇಶ ಆಮೇಲೆ ಆಶ್ರಯ ಕಟ್ಟಡ ಕಟ್ಟಿತು, ಸ್ವಯಂಸೇವಕರ ಕೈಗೆ ಮೈಕ್ ಕೊಟ್ಟು ಹಳ್ಳಿಹಳ್ಳಿಯಲ್ಲಿ ಎಚ್ಚರಿಕೆ ಕೂಗಿಸಿತು. 2007ರ ಸಿದ್ರ್ ಚಂಡಮಾರುತವೂ ಭಯಂಕರವೇ, ಆದರೂ ಸಾವು ಮೂರೂವರೆ ಸಾವಿರದ ಆಸುಪಾಸಿನಲ್ಲಿ ನಿಂತಿತು. ಪರೀಕ್ಷೆಯಲ್ಲಿ ನಾನಾಗಿದ್ದರೆ ಈ ಎರಡನ್ನೂ ಪಕ್ಕಪಕ್ಕ ಬರೆಯುತ್ತಿದ್ದೆ.

ನಿಮ್ಮ ಪುಸ್ತಕಗಳು ಸಿರಿಯಾದ ಬರವನ್ನೇ ಮುಂದೆ ಮಾಡುತ್ತವೆ, ಅಲ್ಲಿನ ಅಂತರ್ಯುದ್ಧಕ್ಕೆ ಅದೇ ಕಾರಣ ಅನ್ನುತ್ತವೆ. ಸುಮ್ನೆ ಕಣ್ಣುಮುಚ್ಚಿ ಬರೆಯಬೇಡಿ. ಅಲ್ಲಿ ಬರದ ಜೊತೆ ಅಂತರ್ಜಲವೂ ಬರಿದಾಗಿತ್ತು, 2008ರಲ್ಲಿ ಡೀಸೆಲ್ ಸಬ್ಸಿಡಿಗೆ ಕತ್ತರಿ ಬಿದ್ದಿತ್ತು. ಬರ ಜೋರ್ಡಾನ್‌ಗೂ ತಟ್ಟಿತ್ತು, ಅಲ್ಲಿ ಯುದ್ಧವಾಗಲಿಲ್ಲ. ಬರಕ್ಕೂ ಯುದ್ಧಕ್ಕೂ ನೇರ ನಂಟಿದೆಯಾ ಅನ್ನುವುದರ ಬಗ್ಗೆ ವಿದ್ವಾಂಸರಲ್ಲೇ ಜಗಳವಿದೆ.

ಇನ್ನು ರಾಜತಾಂತ್ರಿಕತೆ. ಇದರ ಕೆಲಸ ಹೊಳೆ ತುಂಬುವ ಮೊದಲು, ಹೊಳೆ ಬತ್ತುವ ಮೊದಲು. ಬೇಸಿಗೆಯಲ್ಲಿ ಅವರು ಕೊಯ್ನಾದಿಂದ ಕೊಡಲಿ, ನಾವು ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಗಡಿಯಾಚೆಯ ಜತ್ತ ತಾಲ್ಲೂಕಿಗೆ ಕೊಡುತ್ತೇವೆ ಅನ್ನುವ ಮಾತು 2019ರಲ್ಲೇ ಬಂದಿತ್ತು. ಇದು ಎರಡು ರಾಜ್ಯಗಳ ಮಾತು, ವಿದೇಶಾಂಗ ನೀತಿಯಲ್ಲ. ಆದರೆ ಚೌಕಾಸಿಯ ರೀತಿ ಒಂದೇ. ದೇಶಗಳ ನಡುವೆ ನೋಡಬೇಕೆಂದರೆ ಭಾರತ-ಬಾಂಗ್ಲಾದೇಶದ ಗಂಗಾ ನೀರಿನ ಒಪ್ಪಂದ ಓದಿ. 1996ರ ಡಿಸೆಂಬರ್‌ನಲ್ಲಿ 30 ವರ್ಷಕ್ಕೆ ಆದದ್ದು, ಅವಧಿ 2026ರ ಡಿಸೆಂಬರ್‌ವರೆಗೆ. ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿನಲ್ಲಿ ಜನವರಿಯಿಂದ ಮೇವರೆಗೆ ಹತ್ತು ಹತ್ತು ದಿನಕ್ಕೆ ಲೆಕ್ಕ ಹಾಕಿ ನೀರು ಹಂಚುತ್ತಾರೆ. ನೀರು ತೀರಾ ಕಡಿಮೆಯಾದರೆ ಎರಡೂ ಸರ್ಕಾರಗಳು ತಕ್ಷಣ ಕೂತು ಮಾತಾಡಬೇಕು ಅಂತಲೂ ಅದರಲ್ಲಿದೆ. ಸಂದರ್ಶನದಲ್ಲಿ ಈ ಪ್ರಶ್ನೆ ಬಂದರೆ ಮೊದಲು ಆ ಷರತ್ತನ್ನೇ ಹೇಳಿ.