ಹಸಿರು ಬೋರ್ಡಿಗಿಂತ ಮೊದಲು ಪತ್ರಾಸ್ ನೋಡಿ

ಜತ್ತ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗ ಪಲೂಸ ಕಡೆ ಒಂದು ವೈನ್ ಗೋದಾಮಿನಲ್ಲಿ ಸೂಪರ್‌ವೈಸರ್. ಅಲ್ಲಿಂದ ಮಾಲು ಹೊರದೇಶಕ್ಕೂ ಹೋಗುತ್ತದೆ. ಮಾಲೀಕರು ಸೋಲಾರ್ ಹಾಕಿಸಿ 'ಹಸಿರು ಗೋದಾಮು' ಎಂದು ಬೋರ್ಡ್ ಬರೆಸುತ್ತಾರಂತೆ. ಅಷ್ಟಾದರೆ ಸಾಕೇ?"

ಸಾಕಾಗುವುದಿಲ್ಲ ಸರ್. ಸೋಲಾರ್ ಹಾಕಿಸಲಿ, ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ಬಿಸಿಲು ಒಳಗೆ ಬರುವುದನ್ನು ತಡೆಯಬೇಕು.

ವೈನ್ ಇಡಲು 12ರಿಂದ 15 ಡಿಗ್ರಿ ತಂಪು ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬರೀ ಪತ್ರಾಸ್, ಅಂದರೆ ತಗಡಿನ ಶೀಟು ಹೊದಿಸಿದ ಶೆಡ್ಡಿಗೆ ಎಷ್ಟು ಎಸಿ ಹಚ್ಚಿದರೂ ತೂತು ಕೊಡಕ್ಕೆ ನೀರು ಸುರಿದ ಹಾಗೆ. ನಮ್ಮ ಹಳೆಯ ಮಾಳಿಗೆ ಮನೆ ನೆನಪಿಸಿಕೊಳ್ಳಿ. ದಪ್ಪ ಗೋಡೆ, ಮೇಲೆ ಮಣ್ಣು, ಮಟಮಟ ಮಧ್ಯಾಹ್ನವೂ ಒಳಗೆ ತಂಪು. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಟ್ಟವರು ನಾವು. ಆ ಬುದ್ಧಿಯನ್ನೇ ಗೋದಾಮಿಗೂ ತರಬೇಕು. ಪತ್ರಾಸಿಗೆ ಬಿಳಿ ಬಣ್ಣ ಹೊಡೆಸಲಿ, ಅದರ ಕೆಳಗೆ ಶಾಖ ತಡೆಯುವ ಫೋಮ್ ತುಂಬಿದ ಪಫ್ ಪ್ಯಾನೆಲ್ ಕೂರಿಸಲಿ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇಳಿಬಿಡಲಿ. ಲೋಡಿಂಗ್ ವೇಳೆ ಶಟರ್ ಗಂಟೆಗಟ್ಟಲೆ ತೆರೆದಿರುತ್ತದೆ, ಅಲ್ವಾ? ಆ ಕೆಲಸ ನಸುಕಿನಲ್ಲೇ ಮುಗಿಯಲಿ.

ಇನ್ನೊಂದು ಮಾತು. ವೈನಿನಲ್ಲಿ ಜಾಸ್ತಿ ಇರುವುದು ನೀರೇ. ಸಾವಿರಾರು ತುಂಬಿದ ಬಾಟಲಿಗಳು ಒಮ್ಮೆ ತಣ್ಣಗಾದರೆ ಬೇಗ ಬಿಸಿಯಾಗುವುದಿಲ್ಲ. ರಾತ್ರಿಯ ತಂಪಿನಲ್ಲಿ ಯಂತ್ರ ಓಡಿಸಿಕೊಂಡರೆ ಹಗಲು ಅದಕ್ಕೆ ಅಷ್ಟು ದುಡಿತ ಇರುವುದಿಲ್ಲ.

ಬಾಟಲಿ ವಿಷಯ ಗೋದಾಮಿನವರ ಕೈಯಲ್ಲಿಲ್ಲ, ಆದರೂ ಮಾಲೀಕರು ವೈನರಿಯವರಿಗೆ ಹೇಳಬಹುದು. 750 ಮಿಲಿ ವೈನ್ ಹಿಡಿಯುವ ಖಾಲಿ ಬಾಟಲಿ 400 ಗ್ರಾಂ ಇರುವುದುಂಟು, 900 ಗ್ರಾಂ ಇರುವುದೂ ಉಂಟು. ಹನ್ನೆರಡು ಬಾಟಲಿಯ ಪೆಟ್ಟಿಗೆಗೆ ಆರು ಕಿಲೋ ಫರಕು. ಆ ಗಾಜನ್ನು ಸುಮಾರು 1500 ಡಿಗ್ರಿ ಕುಲುಮೆಯಲ್ಲಿ ಕರಗಿಸಬೇಕು, ಆಮೇಲೆ ಸುಮ್ನೆ ಸಮುದ್ರ ದಾಟಿಸಬೇಕು. ಪೆಟ್ಟಿಗೆಯೊಳಗೆ ಥರ್ಮೋಕೋಲ್ ಬದಲು ರದ್ದಿಕಾಗದದ ತಿರುಳಿನಿಂದ ಅಚ್ಚು ಹಾಕಿದ ಟ್ರೇ ಸಾಕು.

ನನಗೆ ನಿಜಕ್ಕೂ ಚಿಂತೆ ಇರುವುದು ಮರದ ಪ್ಯಾಲೆಟ್‌ಗಳ ಬಗ್ಗೆ, ಅಂದರೆ ಪೆಟ್ಟಿಗೆಗಳನ್ನು ಪೇರಿಸಿ ಸಾಗಿಸುವ ಹಲಗೆಯ ಅಡ್ಡೆಗಳ ಬಗ್ಗೆ. ಹೊರದೇಶಕ್ಕೆ ಹೋಗುವ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಗುರುತಿರುವ ಮುದ್ರೆ ಇರುತ್ತದೆ. ಅದರಲ್ಲಿ 'ಎಚ್‌ಟಿ' ಎಂದಿದ್ದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂದರ್ಥ. 'ಎಂಬಿ' ಎಂದಿದ್ದರೆ ಹುಳ ಸಾಯಿಸಲು ಮಿಥೈಲ್ ಬ್ರೋಮೈಡ್ ಹೊಗೆ ಹಾಕಿದ್ದಾರೆ. ಎರಡಕ್ಕೂ ನಿಯಮದ ಒಪ್ಪಿಗೆ ಇದೆ. ಆದರೆ ಆ ಅನಿಲ ಓಝೋನ್ ಪದರ ಕೆಡಿಸುತ್ತದೆ, ಹೊಗೆ ಹಾಕುವ ಕೂಲಿಯವರ ಶ್ವಾಸಕೋಶ, ನರಗಳಿಗೂ ಅಪಾಯ. ಎಚ್‌ಟಿ ಪ್ಯಾಲೆಟ್ ಮಾತ್ರ ಕೊಳ್ಳಿ ಎಂದು ನಿಮ್ಮ ಮಗ ಕೇಳಲಿ. ಹಟ ಹಿಡಿದೇ ಕೇಳಲಿ.

ಸದ್ಯಕ್ಕೆ ಒಂದು ಕೆಲಸ ಮಾಡಲಿ. ಮಧ್ಯಾಹ್ನ ಮೂರು ಗಂಟೆಗೆ ಒಂದು ಥರ್ಮಾಮೀಟರನ್ನು ಎಲ್ಲಕ್ಕಿಂತ ಮೇಲಿನ ಪೆಟ್ಟಿಗೆಯ ಮೇಲೆ, ಇನ್ನೊಂದನ್ನು ನೆಲದ ಹತ್ತಿರ ಇಡಲಿ. ಎರಡರ ಅಂತರವನ್ನು ಒಂದು ವಾರ ಬರೆದಿಟ್ಟು ಮಾಲೀಕರಿಗೆ ತೋರಿಸಲಿ. ನಮಗೂ ಕಳಿಸಿಕೊಡಿ.

— ಸಂಪಾದಕ