ಈ ಇರುವೆ ಹೊಸದಾ? ಓದುಗರ ಪ್ರಶ್ನೆಗಳು

ಪ್ರಶ್ನೆ: ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಹಾಕಿ ಒಂದು ಇರುವೆಯ ಫೋಟೊ ತೆಗೆದೆ. ಮೈಗಿಂತ ತಲೆಯೇ ದೊಡ್ಡದು. ನೆಟ್‌ನಲ್ಲಿ ಎಷ್ಟು ಹುಡುಕಿದರೂ ಇಂಥದ್ದು ಸಿಗಲಿಲ್ಲ. ಹೊಸ ಪ್ರಭೇದ ಇರಬಹುದಾ?

ಉತ್ತರ: ಇರಬಹುದು. ಆದರೆ ಒಂದು ಫೋಟೊ ನೋಡಿ ಹೇಳುವುದು ಕಷ್ಟ. ಈಗಾಗಲೇ ಹೆಸರಿಟ್ಟಿರುವ ಇರುವೆ ಪ್ರಭೇದಗಳೇ 14,000ಕ್ಕಿಂತ ಜಾಸ್ತಿ ಇವೆ. ಅದೂ ಅಲ್ಲದೆ ದೊಡ್ಡ ತಲೆ ಅಂದಿರಲ್ಲ, ಫೈಡೋಲೆ ಕುಲದಲ್ಲಿ ಒಂದೇ ಗೂಡಿನ ಕೆಲಸಗಾರ ಇರುವೆಗಳಲ್ಲೇ ಎರಡು ಥರ ಇರುತ್ತವೆ. ದೊಡ್ಡ ತಲೆಯ ಸೈನಿಕ ಇರುವೆಯನ್ನೂ ಸಣ್ಣದನ್ನೂ ಬೇರೆ ಬೇರೆಯಾಗಿ ನೋಡಿದರೆ ಒಂದೇ ಪ್ರಭೇದ ಅಂತ ಅನ್ನಿಸುವುದೇ ಇಲ್ಲ! ಹಾಗಾಗಿ ಒಂದು ಇರುವೆ ಸಾಲದು, ಅದೇ ಗೂಡಿನ ಇನ್ನಷ್ಟು ಬೇಕು.

ಬಣ್ಣವನ್ನು ತಜ್ಞರು ಅಷ್ಟಾಗಿ ನಂಬುವುದಿಲ್ಲ. ಅವರು ನೋಡುವುದು ಕುಡಿಮೀಸೆಯಲ್ಲಿ (ಆಂಟೆನಾ) ಎಷ್ಟು ಗೆಣ್ಣು, ದವಡೆಯಲ್ಲಿ ಎಷ್ಟು ಹಲ್ಲು, ಸೊಂಟದಲ್ಲಿ ಗಂಟು ಒಂದೋ ಎರಡೋ, ಮೈಕೂದಲು ನೆಟ್ಟಗಿದೆಯೋ ಮಲಗಿದೆಯೋ, ಇಂಥವನ್ನು. ಎರಡು ಮಿಲಿಮೀಟರ್ ಇರುವೆಯಲ್ಲಿ ಇದೆಲ್ಲ ಒಟ್ಟಿಗೆ ಕಾಣಬೇಕಲ್ಲ, ಮೈಕ್ರೋಸ್ಕೋಪಿನಲ್ಲಿ ಕಣ್ಣು ಸ್ಪಷ್ಟವಾದರೆ ದವಡೆ ಮಸುಕಾಗುತ್ತದೆ. ಅದಕ್ಕೇ ಫೋಕಸ್ ಸ್ಟ್ಯಾಕಿಂಗ್ ಮಾಡುತ್ತಾರೆ. ಇರುವೆಯನ್ನು ಪುಟ್ಟ ತ್ರಿಕೋನ ಕಾಗದದ ತುದಿಗೆ ಅಂಟಿಸಿ, ಕಾಗದವನ್ನು ಪಿನ್ನಿಗೆ ಚುಚ್ಚಿ, ಫೋಕಸ್ ಒಂದಿಷ್ಟಿಷ್ಟೇ ಸರಿಸುತ್ತ ಹತ್ತಾರು ಫೋಟೊ ತೆಗೆಯುತ್ತಾರೆ. ಪ್ರತಿಯೊಂದರಲ್ಲೂ ಸ್ಪಷ್ಟವಾಗಿರುವ ಭಾಗವನ್ನಷ್ಟೇ ಆರಿಸಿ ಸಾಫ್ಟ್‌ವೇರ್ ಒಂದು ಚಿತ್ರ ಮಾಡುತ್ತದೆ. ಮುಖದ ನೇರಕ್ಕೆ, ಪಕ್ಕದಿಂದ, ಮೇಲಿನಿಂದ ಹೀಗೆ ಮೂರು ಚಿತ್ರ ಬೇಕು. ತಲೆ ಸ್ವಲ್ಪ ವಾಲಿದರೂ ಅದರ ಉದ್ದ ಅಗಲದ ಅಳತೆ ತಪ್ಪಿಹೋಗುತ್ತದೆ.

ನನ್ನ ಪ್ರಕಾರ ಈ ಚಿತ್ರಗಳಿಂದ ಆಗಿರುವ ದೊಡ್ಡ ಉಪಕಾರ ಹಳೆಯ ಇರುವೆಗಳನ್ನು ನೋಡುವುದರಲ್ಲಿದೆ. ಹೊಸದು ಅನ್ನಬೇಕಾದರೆ ಹತ್ತಿರದ ಪ್ರಭೇದಗಳ ಹೋಲೋಟೈಪ್ ಜೊತೆ, ಅಂದರೆ ಹೆಸರಿಡುವಾಗ ಆಧಾರವಾಗಿ ತೆಗೆದಿಟ್ಟ ಆ ಒಂದೇ ಇರುವೆಯ ಜೊತೆ, ಹೋಲಿಸಲೇಬೇಕು. ಅದು ಯಾವ ದೇಶದ ಮ್ಯೂಸಿಯಂನಲ್ಲಿ ಇರುತ್ತದೋ! ಮೊದಲೆಲ್ಲ ಅಲ್ಲಿಗೇ ಹೋಗಬೇಕಿತ್ತು, ಇಲ್ಲವೇ ಅಂಚೆಯಲ್ಲಿ ತರಿಸಿಕೊಳ್ಳಬೇಕಿತ್ತು, ದಾರಿಯಲ್ಲಿ ಕಾಲೋ ಕುಡಿಮೀಸೆಯೋ ಮುರಿದರೆ ಹೋಯಿತು. ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಬ್ರಯಾನ್ ಫಿಶರ್ 2002ರಲ್ಲಿ ಶುರು ಮಾಡಿದ ಆಂಟ್‌ವೆಬ್ ಜಾಲತಾಣದಲ್ಲಿ ಈಗ ಇಂಥ ಸಾವಿರಾರು ಇರುವೆಗಳ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ನೀವೂ ಮೊದಲು ಅಲ್ಲಿ ಹುಡುಕಿ.

ಪ್ರಶ್ನೆ: ಇರುವೆಗೂ ಸಿ.ಟಿ. ಸ್ಕ್ಯಾನ್ ಮಾಡುತ್ತಾರಂತೆ. ಆಸ್ಪತ್ರೆಯಲ್ಲಿ ಮಾಡುವಂಥದ್ದೇನಾ?

ಉತ್ತರ: ತತ್ವ ಅದೇ. ಆಸ್ಪತ್ರೆಯಲ್ಲಿ ಯಂತ್ರ ನಮ್ಮ ಸುತ್ತ ತಿರುಗುತ್ತದೆ, ಮೈಕ್ರೋ ಸಿ.ಟಿ.ಯಲ್ಲಿ ಸಾಮಾನ್ಯವಾಗಿ ಇರುವೆಯನ್ನೇ ತಿರುಗಿಸಿ ಎಕ್ಸ್‌ರೇ ತೆಗೆಯುತ್ತಾರೆ. ಅವನ್ನೆಲ್ಲ ಜೋಡಿಸಿದರೆ ಒಳಗೂ ಹೊರಗೂ ನೋಡಬಹುದಾದ ಮಾದರಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅಯೋಡಿನ್‌ನಲ್ಲಿ ನೆನೆಸಿದ್ದರೆ ಸ್ನಾಯುಗಳೂ ಚೆನ್ನಾಗಿ ಕಾಣುತ್ತವೆ. ದವಡೆ ಮುಚ್ಚಿಕೊಂಡು ಸತ್ತ ಇರುವೆಯ ಹಲ್ಲನ್ನು ಏನೂ ಮುರಿಯದೆ ಎಣಿಸಬಹುದು, ನನಗಂತೂ ಇದು ಬಹಳ ಖುಷಿ ಕೊಡುವ ವಿಷಯ. 2017ರಲ್ಲಿ ಜಾಸ್ಫಿಂಕ್ಟಸ್ ಎಂಬ ಇರುವೆ ಕುಲದ, ಆಫ್ರಿಕಾದಲ್ಲಿ ಸಿಕ್ಕ ಮೂರು ಹೊಸ ಪ್ರಭೇದಗಳನ್ನು ವಿವರಿಸಿದವರು ಸ್ಕ್ಯಾನ್‌ಗಳನ್ನೂ ಜೊತೆಗೇ ಕೊಟ್ಟರು. ಅದರಲ್ಲೊಂದು ಕೆನ್ಯಾದ ಕಾಕಮೆಗಾ ಕಾಡಿನದು, ಬರಾಕ್ ಒಬಾಮಾ ಹೆಸರಿನದು. ಆದರೆ ಎಕ್ಸ್‌ರೇಯಲ್ಲಿ ಬಣ್ಣ ಕಾಣುವುದಿಲ್ಲ, ತೀರ ತೆಳು ಕೂದಲು ಕೂಡ ತಪ್ಪಿಹೋಗಬಹುದು. ಹಾಗಾಗಿ ಫೋಟೊ ಬೇಕೇ ಬೇಕು.

ಪ್ರಶ್ನೆ: ಇಷ್ಟೆಲ್ಲ ಚಿತ್ರ ಇರುವಾಗ ಸುಮ್ನೆ ಇರುವೆಯನ್ನು ಕೊಂದು ಇಡುವುದು ಯಾಕೆ?

ಉತ್ತರ: ಚಿತ್ರದಿಂದ ಡಿಎನ್ಎ ತೆಗೆಯಲು ಆಗುವುದಿಲ್ಲವಲ್ಲ. ಇರುವೆ ಇದ್ದರೆ ಅದರ ಒಂದು ಕಾಲು ಸಾಕು. ನೋಡಲು ಒಂದೇ ಥರ ಇದ್ದು, ಡಿಎನ್ಎಯಲ್ಲಿ ಬೇರೆಯಾದ ಪ್ರಭೇದಗಳು ಎಷ್ಟೋ ಇವೆ. ದೊಡ್ಡ ಗೂಡಿನಿಂದ ನಾಲ್ಕಾರು ಕೆಲಸಗಾರ ಇರುವೆ ತೆಗೆದರೆ ಗೂಡಿಗೇನೂ ಆಗುವುದಿಲ್ಲ. ಆದರೂ ಅನುಮತಿ ಇಲ್ಲದೆ ಕಾಡಿನಲ್ಲಿ ಹಿಡಿಯಬೇಡಿ. ಸದ್ಯಕ್ಕೆ ಫೋಟೊ ಜೊತೆ ಜಾಗ, ದಿನಾಂಕ, ಗೂಡು ಮಣ್ಣಿನಲ್ಲಿತ್ತೋ ಮರದಲ್ಲಿತ್ತೋ ಅನ್ನುವುದನ್ನು ಬರೆದಿಟ್ಟು, ಇರುವೆ ಅಧ್ಯಯನ ಮಾಡುವವರಿಗೆ ಕಳಿಸಿ.